ಕರ್ತನ ತಮ್ಮ

ಫೆಬ್ರವರಿ ೧೭, ಸೋಮವಾರ

ಪ್ರೀತಿಯ ಅಣ್ಣ,

ಹೇಗಿದ್ದೀಯ? ಕಣ್ಣಿನ ಪಟ್ಟಿ ಬಿಚ್ಚಿದರೆಂದು ಅತ್ತಿಗೆ ಬರೆದಿದ್ದರು. ಆಪರೇಷನ್ ದಿನ ಬಂದು ಜೊತೆಗಿರು ಎಂದು ನೀನು ಕೇಳಿದ್ದೆ; ಉತ್ತರ ಈಗ ಬರೆಯುತ್ತಿದ್ದೇನೆ. ಈ ಕಾಗದವನ್ನು ಅತ್ತಿಗೆಯೇ ಓದಿ ಹೇಳುವುದಾದರೆ ಅವರ ಮುಂದೆಯೇ ಬೈದುಬಿಡು.

ಮಕ್ಕಳ ವಿಶ್ವಕೋಶದ ಕೆಲಸ ನನ್ನನ್ನು ಬರಲು ಬಿಡಲಿಲ್ಲ. ಅದರಲ್ಲೂ ಯೇಸುವಿನ ಪುಟ ನನ್ನ ಮೇಜಿಗೇ ಬರಬೇಕೆ? ಅಮ್ಮ ತೀರಿಕೊಂಡ ದಿನ, ಪಾದ್ರಿಯಾಗಿ ಪ್ರಾರ್ಥನೆ ನಡೆಸುತ್ತಿದ್ದ ನಿನ್ನೆದುರು, ಅಂಥವನೊಬ್ಬ ಇದ್ದ ಎನ್ನಲು ಸಾಕ್ಷಿ ಎಲ್ಲಿ ಎಂದು ಕೇಳಿ ಎದ್ದುಹೋದವನ ಮೇಜಿಗೆ!

'ಇದ್ದನೆಂದು ಹೇಳುತ್ತಾರೆ' ಎಂದು ಬರೆದಿದ್ದೆ. ಪಕ್ಕದ ಕುರ್ಚಿಯ ಇತಿಹಾಸದ ಮೇಷ್ಟ್ರು, ದೇವರೆಂದರೆ ಮೂಗು ಮುರಿಯುವ ಆಸಾಮಿ, ಅದನ್ನು ಹೊಡೆದುಹಾಕಿದರು.

"ಏನ್ರೀ ಇದು? ಪೌಲ ಅನ್ನೋನು ಆ ಕಾಲದಲ್ಲೇ ಬರೀತಾನೆ, ಕರ್ತನ ತಮ್ಮ ಯಾಕೋಬನನ್ನ ಕಂಡೆ ಅಂತ. ಕರ್ತ ಅಂದ್ರೆ ಯೇಸುವೇ ತಾನೆ? ಇಲ್ಲದವನಿಗೆ ತಮ್ಮ ಎಲ್ಲಿಂದ ಬರ್ತಾನ್ರೀ?"

"ತಮ್ಮನೋ ಅಣ್ಣನೋ, ಮೂಲದಲ್ಲಿ ಒಂದೇ ಪದ. ಭಕ್ತರೆಲ್ಲ ಸಹೋದರರೇ ಅಲ್ವಾ ಸಾರ್?"

"ಹಾಗಾದ್ರೆ ಹಿಂದಿನ ಸಾಲಲ್ಲೇ ಇರೋ ಪೇತ್ರ ಏನು ಪಾಪ ಮಾಡಿದ್ದ? ಅವನೂ ಭಕ್ತನೇ, ಆದ್ರೂ ಅವನಿಗೆ ಬರೀ ಹೆಸರು! ಪವಾಡ ಬಿಡಿ, ನಾನೂ ನಂಬಲ್ಲ. ಮನುಷ್ಯ ಇದ್ದ ರೀ. ಒಡಹುಟ್ಟಿದವನಿಗಿಂತ ಸಾಕ್ಷಿ ಬೇಕಾ?"

'ಇದ್ದ' ಎಂದು ತಿದ್ದಿದೆ. ನಿನಗೆ ಅದು ಸಾಲದು, 'ಇದ್ದಾನೆ' ಬೇಕು. ಅದನ್ನು ಬರೆಯುವುದು ನನ್ನಿಂದಾಗದು. ಆದರೂ ಇಷ್ಟು ದೂರ ಬಂದಿದ್ದೇನೆ.

ಬಿಸಿಲಿಗೆ ಬರಿಗಣ್ಣು ಒಡ್ಡಬೇಡ. ನಿನ್ನ ನೋಟ ಮೊದಲಿನಂತಾಗಲಿ. ಪ್ರಾರ್ಥನೆಯಲ್ಲಿ ನನಗೊಂದಿಷ್ಟು ಜಾಗ ಕೊಟ್ಟರೆ ಈಗ ಬೇಡವೆನ್ನುವುದಿಲ್ಲ. ಅತ್ತಿಗೆಗೆ ನಮಸ್ಕಾರ.

ನಿನ್ನ ತಮ್ಮ

ತಾ.ಕ.: ಕೆಲಸ ಬಿಡಲಿಲ್ಲವೆಂದದ್ದು ಸುಳ್ಳು. ರಜೆ ಕೇಳಲು ಸಂಪಾದಕರ ಕೋಣೆಗೆ ಹೋಗಿದ್ದೆ. ಅಣ್ಣನಿಗೆ ಆಪರೇಷನ್ ಎಂದೆ. "ಯಾವ ಅಣ್ಣ ರೀ? ಸೇರಿದಾಗಿಂದ ನನಗೆ ಯಾರೂ ಇಲ್ಲ ಅಂತಲೇ ಹೇಳ್ಕೊಂಡು ಬಂದಿದ್ದೀರಲ್ಲ!" ಎಂದು ಅವರು ನಕ್ಕರು. ಕೋಣೆಯಲ್ಲಿ ಇನ್ನೂ ನಾಲ್ಕಾರು ಜನರಿದ್ದರು. "ಸ್ವಂತ ಅಲ್ಲ ಸಾರ್, ವರಸೆಯಲ್ಲಿ ಅಣ್ಣ" ಎಂದೆ. "ಹಾಗಿದ್ರೆ ಜೊತೆಗಿರೋಕೆ ಅವರ ಕಡೆಯವರು ಯಾರಾದ್ರೂ ಇರ್ತಾರೆ ಬಿಡಿ" ಎಂದರು. ಇರುತ್ತಾರೆ ಎಂದು ನಾನೂ ತಲೆಯಾಡಿಸಿದೆ.