ಕಣ್ಣಿಲ್ಲದ ಹಕ್ಕಿಗಳ ಕುರ್ಚಿ

ಮಾರ್ಚ್ 3, ಶುಕ್ರವಾರ

ರಿಫಾತ್ ಎಂಬ ನಾನು, ಬಿ.ಎ., ಕೈರೋದ ಹಳೆಯ ಬಣ್ಣದ ಕುರ್ಚಿಗಳ ಆಸ್ಥಾನ ವೈದ್ಯ, ಪೂರ್ಣ ಪ್ರಜ್ಞೆಯಿಂದ ತಪ್ಪೊಪ್ಪಿಕೊಳ್ಳುವುದೇನೆಂದರೆ — ಇವತ್ತು ಬೀದಿಗೆ ಬೀದಿಯೇ ನಮಾಜಿಗೆ ಹೋಗಿದ್ದಾಗ, ಅಂಗಡಿ ಬಾಗಿಲು ಓರೆ ಮಾಡಿ, ಹೆರಿಗೆ ಕುರ್ಚಿಯ ಮೇಲೆ ಕೂತೆ. ಗಂಡಸು ಕೂರಬಾರದ್ದು. ನನ್ನ ಹೊಟ್ಟೆಯಲ್ಲಿದ್ದದ್ದು ಬೆಳಗಿನ ಬೇಯಿಸಿದ ಕಾಳು ಮಾತ್ರ. ಕಾಲೇಜು ಪದವಿ ಕೊಟ್ಟಿತ್ತು, ಪೀಠ ಕೊಟ್ಟಿರಲಿಲ್ಲ. ಇವತ್ತು ಅದೂ ಸಿಕ್ಕಿತು.

ಸೂಲಗಿತ್ತಿ ಉಮ್ ಬದವಿಯ ಅಜ್ಜಿಯ ಕಾಲದ ಕುರ್ಚಿ. ಎತ್ತರದ ಬೆನ್ನು, ಅಗಲ ಕೈ, ಕೂರುವ ಹಲಗೆ ಮುಂದೆ ಅರ್ಧಚಂದ್ರದಂತೆ ಕತ್ತರಿಸಿದ್ದು. ಮೇಲೆಲ್ಲ ಪದರ ಪದರ ಹಸಿರು. ಒಂದು ಕಾಲು ಸಡಿಲ. ರಿಪೇರಿಗೆ ತಂದಿಟ್ಟು ಉಮ್ ಬದವಿ ಹೇಳಿದ್ದಳು:

"ಕಾಲು ಗಟ್ಟಿ ಮಾಡು, ಮೇಲೊಂದು ಕೈ ಹಸಿರು ಬಳಿ. ಕೆರೀಬೇಡ. ಕೇಳಿಸ್ತೇನಪ್ಪಾ?"

"ಯಾಕಮ್ಮಾ?"

"ಓದಿದೋನು ನೀನು. ಒಂದೇ ಒಂದು ಕೆಲಸ ಕಾರಣ ಕೇಳದೆ ಮಾಡು, ನೋಡೋಣ."

ನನ್ನ ಮಗಳು ಬಹಿಯ್ಯಾಗೆ ಇದೇ ತಿಂಗಳು ಹೆರಿಗೆ. ಹೋದ ವರ್ಷದ ಕೂಸು ಹುಟ್ಟುವಾಗಲೇ ಸತ್ತಿತ್ತು. ಆಸ್ಪತ್ರೆ ಎಂದೆ ನಾನು. ಹೆಂಡತಿ ಇನ್ಶಿರಾಹ್ ಉರಿದುಬಿದ್ದಳು. "ನಿಮ್ಮಮ್ಮ ನಿಮ್ಮನ್ನ ಹೆತ್ತದ್ದೂ ಆ ಕುರ್ಚಿ ಮೇಲೇ ಕಣ್ರೀ!"

"ಅದಕ್ಕೇ ಅದರ ಕಾಲು ಅಲ್ಲಾಡ್ತಿರೋದು."

ಊಟಕ್ಕೆ ಉಪ್ಪಿರಲಿಲ್ಲ.

ಮಾರ್ಚ್ 5, ಭಾನುವಾರ

ಕೆರೆದೆ. ಕೆರೆಯದೆ ಇರುವುದು ಹೇಗೆ? ಹಸಿರಿನ ಕೆಳಗೆ ಏನೋ ಉಬ್ಬಿತ್ತು. ಸ್ಪಿರಿಟ್, ಹತ್ತಿ, ಮೆಲ್ಲಗೆ... ಬಣ್ಣ ಬಯಲಾಯಿತು.

ಹಕ್ಕಿಗಳು! ಬೆನ್ನಿನ ಹಲಗೆ ತುಂಬ, ಸಾಲು ಸಾಲು. ಕೆಂಪೆದೆ, ನೀಲಿ ರೆಕ್ಕೆ. ಒಂದಕ್ಕೂ ಕಣ್ಣಿಲ್ಲ. ಸವೆದುಹೋಗಿರಬೇಕು. ಇಂಥ ಕೆಲಸವನ್ನು ಕುರುಡಾಗಿ ಬಿಡುವುದು ಪಾಪ. ಕುಂಚ ತೊಳೆದಿಟ್ಟಿದ್ದೇನೆ.

ಮಾರ್ಚ್ 6, ಸೋಮವಾರ

ದಾಖಲಾಗಲಿ — ನಿನ್ನೆ ಒಂದೇ ಪಟ್ಟಿನಲ್ಲಿ ಎಲ್ಲ ಹಕ್ಕಿಗಳಿಗೂ ಕಣ್ಣು ಬರೆದೆ. ಬಿಳಿ ಉಂಗುರ, ನಡುವೆ ಸಾಸಿವೆಯಷ್ಟು ಕಪ್ಪು. ಒಂದೂ ಸೊಟ್ಟಿಲ್ಲ. ಇಂಥ ಕೈ ಈ ಬೀದಿಯಲ್ಲಿ ಇನ್ನೊಂದಿಲ್ಲ. ಬಹಳ ಜನರ ಕಣ್ಣು ತೆರೆಸಲು ನೋಡಿದವನು ನಾನು; ತೆರೆದದ್ದು ಇವು ಮಾತ್ರ.

ಎದುರಿನ ಕಾಫಿ ಅಂಗಡಿಯ ಜಕಿ ಇಣುಕಿದ. "ಉಸ್ತಾದರೇ, ಇವು ನನ್ನನ್ನೇ ನೋಡ್ತಿವೆಯಲ್ರೀ."

"ನಿನ್ನ ಕಾಫಿ ಕುಡಿದು ಸತ್ತೋರಿರಬೇಕು."

ನಗಲಿಲ್ಲ. ಹೋಗುವಾಗ ಬೆನ್ನು ತೋರಿಸದೆ ಹಿಂದಡಿಯಿಟ್ಟು ಹೋದ.

ಮಾರ್ಚ್ 9, ಗುರುವಾರ, ಬೆಳಗ್ಗೆ

ಗೋಡೆಗೆ ಮುಖ ಮಾಡಿ ಇಟ್ಟಿದ್ದೆ. ಬಾಗಿಲು ತೆಗೆದರೆ ಕುರ್ಚಿ ಕಿಟಕಿಯ ಕಡೆ ತಿರುಗಿದೆ. ನಿನ್ನೆಯೂ ಹಾಗೇ. ಆ ಕಿಟಕಿಯಿಂದ ಕಾಣುವುದು ಬಹಿಯ್ಯಾಳ ಮನೆಯ ಮಹಡಿ. ಮರುಭೂಮಿಯ ಗಾಳಿ ಎದ್ದಿದೆ, ಅದರದ್ದೇ ಚೇಷ್ಟೆ.

ಕೂರುವ ಹಲಗೆ ಒದ್ದೆ. ಮುಟ್ಟಿದರೆ ಬೆಚ್ಚಗೆ. ಬೆಕ್ಕಿಗೆ ಬಾಯಿತುಂಬ ಬೈದೆ.

ನಮ್ಮ ಬೀದಿಯಲ್ಲಿ ಬೆಕ್ಕು ಯಾವುದಿದೆ?

ಮಾರ್ಚ್ 10

ಬಹಿಯ್ಯಾ ತಾನೇ ಬುತ್ತಿ ತಂದಳು. ಮುಖ ಬಿಳಿಚಿತ್ತು.

"ಅಪ್ಪಾ, ಮೂರು ದಿನದಿಂದ ಮಗು ಅಲ್ಲಾಡ್ತಾನೇ ಇರಲಿಲ್ಲ. ಈ ಕುರ್ಚಿ ಮುಂದೆ ನಿಂತೆ ನೋಡು, ಒದೀತು."

"ತಾತನ ಕೆಲಸ ಮೆಚ್ಚಿದೆ."

ಅವಳು ಕೇಳಿಸಿಕೊಳ್ಳಲಿಲ್ಲ. ಕೊನೆಯ ಸಾಲಿನ ತುದಿಯಲ್ಲೊಂದು ಪುಟ್ಟ ಹಕ್ಕಿ. ಅದರ ಬಣ್ಣ ಮಾತ್ರ ಹೊಸದು. ಬೆರಳಿಟ್ಟಳು. "ಇದು ನಂದು," ಎಂದಳು. ಯಾರು ಹೇಳಿದರು ಎಂದರೆ ಅವಳಿಗೂ ಗೊತ್ತಿಲ್ಲ.

ಬುತ್ತಿ ಹಾಗೇ ಇದೆ. ಹಸಿವಿಲ್ಲ.

ಮಾರ್ಚ್ 14, ಮಂಗಳವಾರ

ಕುರ್ಚಿ ಒಯ್ಯಲು ಉಮ್ ಬದವಿ ಬಂದಳು. ನೋಡಿದಳು. ಹೊಸ್ತಿಲಲ್ಲೇ ಕುಸಿದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಕಣ್ಣು ಯಾರು ಬರೆದದ್ದು?"

"ನಾನೇ ಅಮ್ಮಾ." ಸ್ವಲ್ಪ ಜಂಬದಿಂದಲೇ ಹೇಳಿದೆ.

"ಅಯ್ಯೋ ಪಾಪಿ! ಕಣ್ಣೇ ತೆರೀದೆ ಹೋದ ಕೂಸುಗಳು ಕಣೋ ಇವು. ಒಂದೊಂದಕ್ಕೂ ಒಂದು ಹಕ್ಕಿ ಬರೀತೀವಿ, ಕಣ್ಣು ಬರೆಯಲ್ಲ. ಮೇಲೆ ಹಸಿರು ಹೊದಿಸ್ತೀವಿ, ಮಲಗಿರಲಿ ಅಂತ. ಈಗ ಎದ್ದು ಕೂತಿವೆ. ಎದ್ದೋರು ಜಾಗ ಹುಡುಕಲ್ವಾ? ನಿನ್ನ ಮಗಳ ಹೊಟ್ಟೇಲಿ ಒಂದೇ ಕೂಸಿಗೆ ಜಾಗ ಇರೋದು!"

"ಈಗೇನು, ಮತ್ತೆ ಬಳಿದರಾಯ್ತು."

"ನಾನು ಬಳಿದರೆ ನಿಲ್ಲಲ್ಲ. ಕಣ್ಣು ತೆರೆಸಿದ ಕೈಯೇ ಮುಚ್ಚಬೇಕು. ಅವಳಿಗೆ ನೋವು ಬರೋದರೊಳಗೆ."

ಹತ್ತು ನಿಮಿಷದ ಕೆಲಸ ಎಂದು ನಕ್ಕೆ.

ಮಾರ್ಚ್ 15, ಮಧ್ಯಾಹ್ನ

ಬೆಳಗ್ಗಿನಿಂದ ಬಳಿಯುತ್ತಿದ್ದೇನೆ. ಮೊದಲ ಹಕ್ಕಿ ಮುಚ್ಚಿತು, ಮುಚ್ಚಿಯೇ ಇದೆ. ಉಳಿದವು ಹಸಿ ಹಸಿರಿನಿಂದ ಮತ್ತೆ ಮೇಲೆ ಬರುತ್ತವೆ... ಮೊದಲು ಬಿಳಿ ಉಂಗುರ, ಆಮೇಲೆ ಕಪ್ಪು. ದಪ್ಪಗೆ ಬಳಿದೆ. ಕುಂಚ ಬದಲಿಸಿದೆ. ಬಿಸ್ಮಿಲ್ಲಾ ಹೇಳಿ ಬಳಿದೆ.

ಇನ್ಶಿರಾಹ್ ಏದುಸಿರು ಬಿಡುತ್ತ ಬಂದಳು. "ಬಹಿಯ್ಯಾಗೆ ನೋವು ಶುರುವಾಯ್ತು. ಉಮ್ ಬದವಿ ಅವಳ ಮನೆ ಬಾಗಿಲಲ್ಲೇ ನಿಂತಿದ್ದಾಳೆ. ಮೊದಲು ಕುರ್ಚಿ ಒಳಗೆ ಹೋಗದೆ ಸೂಲಗಿತ್ತಿ ಕಾಲಿಡಲ್ಲ, ಗೊತ್ತಲ್ಲ! ನೀವೇ ಬರೆದ ಕಣ್ಣು ನೀವೇ ಮುಚ್ಚೋಕೆ ಏನ್ರೀ ಧಾಡಿ?"

ಪದ್ಧತಿಯಂತೆ ಕುರ್ಚಿಗೆ ಹೊದಿಸುವ ಶಾಲು, ಮುಡಿಸುವ ಗುಲಾಬಿ ತರಲು ಓಡಿದ್ದಾಳೆ. ಬರುವಷ್ಟರಲ್ಲಿ ಇಲ್ಲಾದರೂ ನಿಜ ಬರೆಯಬೇಕು.

ಆರನೇ ತಾರೀಖು ಬರೆದದ್ದು ಸುಳ್ಳು. ಎರಡು ವರ್ಷವಾಯಿತು, ನನ್ನ ಕೈ ನಡುಗುತ್ತದೆ. ಯಾರಿಗೂ ಹೇಳಿಲ್ಲ, ಈ ಪುಸ್ತಕಕ್ಕೂ. ಅದರ ಹಿಂದಿನ ದಿನ ಮೊದಲ ಹಕ್ಕಿಗೆ ಕಣ್ಣು ಬರೆಯುವಷ್ಟರಲ್ಲೇ ಬಣ್ಣ ಹರಡಿ ಗೊಜ್ಜಾಯಿತು. ಕುಂಚ ಎಸೆದು ಮನೆಗೆ ಹೋದೆ. ಬೆಳಗ್ಗೆ ಬಂದು ನೋಡಿದರೆ ಎಲ್ಲಕ್ಕೂ ಕಣ್ಣಿತ್ತು. ಎಷ್ಟು ಚೆನ್ನಾಗಿತ್ತೆಂದರೆ... ನನ್ನದೇ ಎಂದುಬಿಟ್ಟೆ.

ತೆರೆಸಿದ ಕೈಯೇ ಮುಚ್ಚಬೇಕಂತೆ. ನಾನು ತೆರೆಸಿದ್ದು ಮೊದಲ ಹಕ್ಕಿಯದೊಂದೇ. ಉಳಿದವನ್ನು ತೆರೆಸಿದ ಕೈ ಯಾರದೆಂದು ಇವಳಿಗೆ ನಾನು ಹೇಗೆ —