ಸೋತವರ ಮನೆಗೆ ಬುತ್ತಿ

ಮಕ್ತಲ್
೧೦-೧೧-೨೦೨೫, ಸೋಮವಾರ

ನನ್ನ ಮುದ್ದು ಬಸವಪ್ರಸಾದನಿಗೆ, ನಿನ್ನ ಅವ್ವ ಹಿಟ್ಟಿನ ಕೈಯಲ್ಲೇ ಕೂತು ಬರೆಯುತ್ತಿದ್ದಾಳೆ.

ಹೇಗಿದ್ದೀಯಪ್ಪಾ? ಹೊಟ್ಟೆ ತುಂಬ ಉಣ್ಣುತ್ತೀಯೋ ಇಲ್ಲವೋ? ಹೋದ ತಿಂಗಳು ಫೋನಿನಲ್ಲಿ "ಕೈ ತಣ್ಣಗ ಇರ್ತಾವಬೇ, ಬಿಸಿನೀರಾಗ ಇಟ್ರೂ ಕಾಯಂಗಿಲ್ಲ" ಎಂದಿದ್ದೆಯಲ್ಲ, ಈಗ ಹೇಗಿವೆ? ಎಳ್ಳೆಣ್ಣೆ ಹಚ್ಚಿ ತಿಕ್ಕು. ತೂಕ ಎಷ್ಟಿದೆ ಎಂದು ಸುಳ್ಳು ಹೇಳದೆ ತಿಳಿಸು. ಬಾಕ್ಸಿಂಗ್ ಫೈಟ್ ಹತ್ತಿರ ಬಂತೆಂದರೆ ತಿಂಗಳುಗಟ್ಟಲೆ ನಿನ್ನ ಫೋನ್ ಕಿತ್ತಿಟ್ಟುಕೊಳ್ಳುವ ಆ ಮ್ಯಾನೇಜರನ ಬಾಯಿಗೆ ಮಣ್ಣು ಹಾಕ! ಪತ್ರವನ್ನೂ ಒಡೆದು ನೋಡುತ್ತಾನಂತೆ. ನೋಡಲಿ. ಅವನಿಗೆ ತೆಲುಗು ಬರುತ್ತದೆ, ಹಿಂದಿ ಬರುತ್ತದೆ, ಕನ್ನಡ ಬರುವುದಿಲ್ಲ. ನೀನು ತೆಲುಗು ಶಾಲೆಯಿಂದ ಬಂದ ಮೇಲೆ ದಿನಾ ಸಂಜೆ ಕೂರಿಸಿ ಕನ್ನಡ ತಿದ್ದಿಸುತ್ತಿದ್ದಾಗ ಎಷ್ಟು ಅಳುತ್ತಿದ್ದೆ! ಈಗ ಅದು ಉಪಯೋಗಕ್ಕೆ ಬಂತು ನೋಡು.

ನಿನ್ನ ತಂಗಿ ಕಾವ್ಯ ಚೆನ್ನಾಗಿದ್ದಾಳೆ, ನಾರಾಯಣಪೇಟೆ ಕಾಲೇಜಿಗೆ ಹೋಗಿ ಬರುತ್ತಾಳೆ. ಗಿರಣಿ ನಡೆದಿದೆ. ಇನ್ನು ವಿಷಯಕ್ಕೆ ಬರುತ್ತೇನೆ, ಸಮಾಧಾನದಿಂದ ಓದು. ಮೊಬೈಲ್ ಅಂಗಡಿ ಬಾಲರಾಜ್ ಇದ್ದಾನಲ್ಲ, ಜೋಳ ಬೀಸಲು ಕೊಟ್ಟು ನಮ್ಮ ಗಿರಣಿಯ ಬೆಂಚಿನ ಮೇಲೆ ಕೂತನೆಂದರೆ ಏಳುವವನಲ್ಲ. ಅಮೆರಿಕದ್ದು, ಮೆಕ್ಸಿಕೋದ್ದು ಅಂತ ಲೋಕದ ಫೈಟೆಲ್ಲ ಅವನ ಫೋನಿನಲ್ಲಿವೆ. ಎಂಟಕ್ಕೆ ಎಂಟೂ ಗೆದ್ದಿದ್ದಾನೆ ನನ್ನ ಮಗ, ಇದೇ ಇಪ್ಪತ್ತೆಂಟಕ್ಕೆ ಬೆಲ್ಟಿನ ಫೈಟ್ ಇದೆ ಎಂದು ನಾನು ಹಿಗ್ಗಿ ಹೇಳಿದರೆ, ಆ ಪುಣ್ಯಾತ್ಮ ಏನೆಂದ ಗೊತ್ತೇ? "ಎಷ್ಟು ಮಂದೀನ ಕೆಡವ್ಯಾನ ಅಂತ ಯಾರೂ ಕೇಳಂಗಿಲ್ಲ ಅತ್ತೀ, ಎಂಥವರನ್ನ ಕೆಡವ್ಯಾನ ಅಂತ ಕೇಳ್ತಾರ. ಆ ಎಂಟು ಮಂದಿ ಹೆಸರು ಯಾರಿಗನ್ನಾ ಗೊತ್ತೈತೇನು? ಕೈ ಎತ್ತಂಗಿಲ್ಲ, ತಪ್ಪಿಸಿಕೊಳ್ಳಂಗಿಲ್ಲ, ಸುಮ್ಮನ ನಿಂದರತಾರ. ಇಂಥವರನ್ನ ಹೊಡದು ಬೆಲ್ಟ್ ಕಟ್ಟಿಕೊಂಡ್ರ ಫೈಟ್ ಬಲ್ಲವರು ನಗ್ತಾರ" ಎಂದ. ನನಗೆ ಮೈಯೆಲ್ಲ ಉರಿಯಿತು. ಅರ್ಧ ಬೀಸಿದ ಅವನ ಜೋಳವನ್ನು ಹಾಗೇ ಚೀಲಕ್ಕೆ ಸುರಿದು ಕೈಗೆ ಕೊಟ್ಟೆ.

ಆದರೆ ಮಾತು ಒಳಗೆ ಕೊರೆಯಿತು. ನಿಮ್ಮಪ್ಪನ ಕುಸ್ತಿ ನೆನಪಾಯಿತು. ಅವರು ಗೆದ್ದದ್ದು ಎಷ್ಟೋ, ಊರಿಗೆ ನೆನಪಿಲ್ಲ. ರಾಯಚೂರಿನ ಪೈಲ್ವಾನನ ಎದುರು ಮುಕ್ಕಾಲು ತಾಸು ಹಿಡಿದು ಕೊನೆಗೆ ಸೋತರಲ್ಲ, ಅದನ್ನು ಮಾತ್ರ ಹಿರಿಯರು ಇವತ್ತಿಗೂ ಹೇಳುತ್ತಾರೆ. ಅವರು ಗೆದ್ದಾಗಲೆಲ್ಲ ನಿನ್ನಜ್ಜಿ ಬುತ್ತಿ ಕಟ್ಟಿಕೊಂಡು ಸೋತವನ ಮನೆಗೆ ಹೋಗುತ್ತಿದ್ದಳು. ಸೋತವನಿಗೆ ತನ್ನ ಕೈಯಿಂದ ತುತ್ತಿಟ್ಟು, ಅವನ ತಾಯಿಗೆ ಕುಪ್ಪಸದ ಖಣ ಕೊಟ್ಟು ಬಂದ ಮೇಲೆಯೇ ಆ ಗೆಲುವು ನಮ್ಮದು. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಅದನ್ನು ಬಾಯಿಗೆ ತರುವಂತಿರಲಿಲ್ಲ. ಗಿರಣಿ ಗಿರಣಿ ಎಂದು ನಿನ್ನ ಒಂದು ಗೆಲುವಿಗೂ ನಾನದನ್ನು ಮಾಡಲಿಲ್ಲ. ನಿನ್ನ ಎದುರು ನಿಂತವರು ಎಂಥ ತಾಯಂದಿರ ಮಕ್ಕಳು ಎಂದು ಕಣ್ಣಾರೆ ನೋಡಿ ಬಂದು ಬಾಲರಾಜನ ಬಾಯಿ ಮುಚ್ಚಿಸೋಣ ಎಂದು ಹೊರಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಹೋಗಬಾರದಿತ್ತು.

ವಿಡಿಯೋದಲ್ಲಿ ಕೂಗುವ ಹೆಸರು, ಊರು ಹಿಡಿದುಕೊಂಡು ಮೊದಲು ಮಾನೋಪಾಡಿಗೆ ಹೋದೆವು, ನಾನೂ ಕಾವ್ಯಳೂ. ಗದ್ವಾಲಿನಲ್ಲಿ ಬಸ್ ಬದಲಿಸಿ, ಮಡಿಲಲ್ಲಿ ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ ಚಟ್ನಿಯ ಗಂಟು. ನೀನು ಶ್ರಾವಣದಲ್ಲಿ ಕೆಡವಿದ ಶೇಖರ್ ಎಂಬವನ ಮನೆ. ತಾಯಿ ಆಶಮ್ಮ ಬಾಗಿಲಲ್ಲೇ ಕಡಲೆ ಆರಿಸುತ್ತಿದ್ದಳು. ಮಗ ಎಲ್ಲಿ ಎಂದು ನಾನು ಕೇಳಿದ್ದಕ್ಕೆ ಒಳಗಿನ ಗೋಡೆ ತೋರಿಸಿದಳು. ಫೋಟೋ, ಅದಕ್ಕೆ ಹಾರ. ಉಗಾದಿಗೆ ಮುಂಚೆಯೇ ಕಾಲುವೆಗೆ ಬಿದ್ದು ತೀರಿಕೊಂಡನಂತೆ. ಉಗಾದಿ ಮೊದಲೋ ಶ್ರಾವಣ ಮೊದಲೋ, ನೀನೇ ಲೆಕ್ಕ ಹಾಕು. ಮನೆ ತಪ್ಪಿತೆಂದು ನಾನು ಏಳುತ್ತಿದ್ದೆ. ನಮ್ಮ ಕಾವ್ಯ, ಹುಚ್ಚಿ, ಫೋನು ತೆಗೆದು ನಿನ್ನ ಫೈಟಿನ ವಿಡಿಯೋ ಹಚ್ಚಿಬಿಟ್ಟಳು. ಆಶಮ್ಮ ಅಳಲಿಲ್ಲ, ಅಂಜಲಿಲ್ಲ. "ನಮ್ಮ ಶೇಖರಪ್ಪನ ಐದಾನ! ನೋಡ್ರಿ, ಎಡಗಾಲು ಹಿಂಗ ಎಳದು ಇಡ್ತಿದ್ದ, ಸಣ್ಣಾವಿದ್ದಾಗ ಬಂಡಿಯಿಂದ ಬಿದ್ದಿದ್ದ" ಎಂದು ಮುಖ ಅರಳಿಸಿಕೊಂಡು ಮತ್ತೆ ಮತ್ತೆ ಹಚ್ಚಿಸಿದಳು. ನೀನು ಅವನ ದವಡೆಗೆ ಹೊಡೆದಾಗ ನಾನು ಕಣ್ಣು ಮುಚ್ಚಿದೆ, ಅವಳು ಮುಚ್ಚಲಿಲ್ಲ. ನಾನು ಒಯ್ದ ರೊಟ್ಟಿಯನ್ನು ಫೋಟೋದ ಮುಂದೆ ಎಡೆ ಇಟ್ಟು, "ಇನ್ನೊಮ್ಮೆ ಯಾವಾಗ ಆಡ್ತಾನ್ರೀ ಅಕ್ಕಾ?" ಎಂದು ಕೇಳಿದಳು.

ಎರಡನೆಯದು ಮಾಗನೂರು. ಸಾಯಣ್ಣ, ನೀನು ಹೋದ ವರ್ಷ ಕೆಡವಿದ ನಾಲ್ಕನೆಯವನು. ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿ ಮೇಲಿಂದ ಬಿದ್ದು ತೀರಿಕೊಂಡು ಎರಡು ವರ್ಷವಾಯಿತು ಎಂದಳು ಹೆಂಡತಿ ಶಿವಗಂಗಾ. ವಿಡಿಯೋದಲ್ಲಿ ಗಂಟೆ ಹೊಡೆದ ಕೂಡಲೇ ಅವನು ಕತ್ತು ಹೊರಳಿಸಿ ಹುಡುಕುತ್ತಾನಲ್ಲ, ಅದನ್ನು ನೋಡಿ, "ಬಲಗಿವಿ ಕೇಳಿಸ್ತಿರಲಿಲ್ರೀ, ನಾ ಕರದ್ರೂ ಹಂಗ ಹೊಳ್ಳಿ ನೋಡ್ತಿದ್ದ" ಎಂದು ಸೆರಗು ಬಾಯಿಗೆ ತುರುಕಿಕೊಂಡಳು. ಎರಡೂ ಮನೆಯಲ್ಲಿ ಒಂದೇ ಮಾತು ಕೇಳಿದೆ. ಹನ್ನೊಂದನೇ ದಿನದ ಊಟಕ್ಕೆ ಗುರುತಿಲ್ಲದವನೊಬ್ಬ ಬಂದು ಉಂಡು, ಸತ್ತವನ ಹೆಸರು, ಊರು, ತೂಕ ಕೇಳಿ ಬರೆದುಕೊಂಡು ಹೋದನಂತೆ. ತೂಕ ಯಾಕೆ ಎಂದು ಆ ದುಃಖದಲ್ಲಿ ಯಾರೂ ಕೇಳಲಿಲ್ಲ.

ಮನೆಗೆ ಬಂದು ಮಟಮಟ ಮಧ್ಯಾಹ್ನ ಗಿರಣಿ ನಿಲ್ಲಿಸಿ ಎಂಟೂ ಫೈಟ್ ನೋಡಿದೆವು. ಮಂದಿ ಕೂಗುವುದು ಕೇಳುತ್ತದೆ, ಗಂಟೆ ಕೇಳುತ್ತದೆ, ನಿನ್ನ ಏಟಿನ ಸಪ್ಪಳ ಮಾತ್ರ ಒಂದರಲ್ಲೂ ಇಲ್ಲ. ಅವರು ಯಾರೂ ಬೆವರುವುದಿಲ್ಲ. ಮೊದಲ ಫೈಟಿನಲ್ಲಿ ನೀನು ಬೆವರಿ ನೀರಾಗಿದ್ದೆ, ಐದರ ಹೊತ್ತಿಗೆ ಕಡಿಮೆ, ಎಂಟರಲ್ಲಿ ನಿನ್ನ ಮೈ ಕೂಡ ಒಣಒಣ. ಆ ಎಂಟನೆಯದರಲ್ಲಿ ರಿಂಗಿನ ನಡುವೆ ನಿಂತ ಇಬ್ಬರಲ್ಲಿ ನನ್ನ ಮಗ ಯಾವನು ಎಂದು ಒಂದು ಗಳಿಗೆ ನನಗೆ ಗುರುತು ಹತ್ತಲಿಲ್ಲ ಬಸವಾ. ಹೆತ್ತವಳು ನಾನು! ಕಾವ್ಯ ತೋರಿಸಬೇಕಾಯಿತು.

ಇದು ಸಾಲದು ಎಂಬಂತೆ ಆಶಮ್ಮ ಊರೂರಿಗೆ ಸುದ್ದಿ ಮುಟ್ಟಿಸಿದ್ದಾಳೆ. ಬೆಳಗಾಗುತ್ತಲೇ ಗಿರಣಿಯ ಮುಂದೆ ಹೆಂಗಸರು ಸಾಲಾಗಿ ಕೂತಿರುತ್ತಾರೆ, ಒಬ್ಬರ ಕೈಯಲ್ಲೂ ಕಾಳಿಲ್ಲ. ಎಲ್ಲರ ಮಡಿಲಲ್ಲೂ ಒಂದೊಂದು ಫೋಟೋ. ಅಲಂಪುರದಿಂದ ಅನಂತಮ್ಮ ಎಂಬಾಕೆ ಮೂರು ದಿನದಿಂದ ಕದಲಿಲ್ಲ. "ನಿಮ್ಮ ಮಗನಿಗೆ ಒಂದು ಮಾತು ಹೇಳ್ರೀ, ನನ್ನ ಮಗನ ಕೂಡಾನೂ ಒಂದು ಸಲ ಆಡಲಿ, ಸೋತ್ರ ಸೋಲ್ತಾನ" ಎನ್ನುತ್ತಾಳೆ. ಬೈದು ನೋಡಿದೆ, ನೀರು ಎರಚಿ ನೋಡಿದೆ, ನಗುತ್ತಾ ಸೆರಗಿನಿಂದ ಫೋಟೋ ಒರೆಸಿಕೊಂಡು ಮತ್ತೆ ಕೂರುತ್ತಾರೆ. ಬಾಲರಾಜನ ಬಾಯಿ ಮುಚ್ಚಿತು, ಆದರೆ ನಾನಂದುಕೊಂಡ ಹಾಗಲ್ಲ. ಅವನು ಈ ಕಡೆ ಹಾಯುವುದನ್ನೇ ಬಿಟ್ಟಿದ್ದಾನೆ.

ಆದ್ದರಿಂದ ನನ್ನ ಮಾತು ಕೇಳು. ಈ ಪತ್ರ ಕೈಗೆ ಬಂದ ದಿನವೇ ಬಟ್ಟೆ ಗಂಟು ಕಟ್ಟಿಕೊಂಡು ಸಿಕ್ಕ ಬಸ್ಸು ಹತ್ತಿ ಬಾ. ಬೆಲ್ಟೂ ಬೇಡ, ಹೆಸರೂ ಬೇಡ. ಆಡಲೇಬೇಕೆಂದರೆ ಇಲ್ಲೇ ಬೆವರುವ, ಬಯ್ಯುವ, ತಿರುಗಿ ಹೊಡೆಯುವ ಮನುಷ್ಯನ ಜೊತೆ ಆಡು. ಅವನು ನಿನ್ನ ಹಲ್ಲು ಉದುರಿಸಲಿ, ನಾನು ಓಣಿಯ ತುಂಬ ಸಕ್ಕರೆ ಹಂಚುತ್ತೇನೆ. ಎಂಟು ಗೆಲುವನ್ನು ಆ ಒಂದು ಸೋಲಿಗೆ ಕೊಟ್ಟುಬಿಡುತ್ತೇನೆ. ನನಗೆ ಚಾಂಪಿಯನ್ ಬೇಕಾಗಿಲ್ಲ ಕಂದಾ, ಮುಟ್ಟಿದರೆ ಬೆಚ್ಚಗಿರುವ ಮಗ ಬೇಕು.

ಬಸವಣ್ಣ ನಿನ್ನ ಬೆನ್ನಿಗಿರಲಿ. ನೂರು ವರ್ಷ ಬಾಳು, ನಿನ್ನ ಮೈಯಲ್ಲಿ ಸದಾ ಬೆವರಿರಲಿ. ಕಾವ್ಯ ನಮಸ್ಕಾರ ತಿಳಿಸಿದ್ದಾಳೆ.

ನಿನ್ನ ಅವ್ವ,
ವೀರಬಸಮ್ಮ

ತಾ.ಕ.: ಪತ್ರ ಪೋಸ್ಟಿಗೆ ಹಾಕಲು ಕಾವ್ಯ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾಳೆ, ಅವಳಿಗೆ ಕಾಣದ ಹಾಗೆ ಬರೆಯುತ್ತಿದ್ದೇನೆ. ಬರುವುದಂತೂ ಬರಲೇಬೇಕು. ಆದರೆ ಬರುವ ಮೊದಲು ಒಂದೇ ಒಂದು ಫೈಟ್ ಆಡು. ಮ್ಯಾನೇಜರನಿಗೆ ಹೇಳಿ ಹೆಸರು ಬರೆಸು: ಆದೆಪ್ಪ, ಊರು ಮಕ್ತಲ್, ತೂಕ ಎಪ್ಪತ್ತೆರಡು ಕೆ.ಜಿ. ಅವರು ತೀರಿಕೊಂಡಾಗ ನೀನು ಮೂರು ವರ್ಷದವನು, ನಿನಗೆ ಅವರ ನೆನಪಿಲ್ಲ. ಮನೆಯಲ್ಲಿರುವ ಒಂದೇ ಫೋಟೋದಲ್ಲಿ ನಿಮ್ಮಪ್ಪ ಕುರ್ಚಿಯ ಮೇಲೆ ಕೂತಿದ್ದಾರೆ. ಅವರು ಹೇಗೆ ನಡೆಯುತ್ತಿದ್ದರು ಎಂಬುದೇ ನನಗೆ ಮರೆತುಹೋಗಿದೆ. ನಾನೆಂಥ ತಾಯಿ ಎಂದು ಬಯ್ದುಕೋ, ಪರವಾಗಿಲ್ಲ. ಮೊದಲ ರೌಂಡಿನಲ್ಲೇ ಕೆಡವಬೇಡ.