ಹೊಳೆ ದಾಟಿಸಿದ ಮೇಲೆ

ಮೂಡಲಗಿ
೧೨ ಡಿಸೆಂಬರ್ ೨೦೨೪

ಅವ್ವಾ,

ನಿನ್ನ ಮಗಳು ಸಪ್ನಾ ದೂರದಿಂದಲೇ ನಿನ್ನ ಕಾಲು ಮುಟ್ಟಿ ಬರೆಯುತ್ತಿದ್ದಾಳೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಬಾಜೂಕ್ಕೆ ನಿನ್ನ ಮಗ ಮಾಳು ನಿಂತಿರುತ್ತಾನೆ, ನಿನ್ನ ಮಾತು ಅವನ ಮುಖ ನೋಡಿ ಹೊರಬೀಳುತ್ತದೆ. ಅದಕ್ಕೇ ಈ ಕಾಗದ. ಸುಗರಾಬಿ ಚಾಚಿ ಊರಿಗೆ ಮರಳಿದ ಕೂಡಲೇ ಇದನ್ನು ನಿನ್ನ ಕೈಯಲ್ಲೇ ಕೊಡುತ್ತಾಳೆ. ನೀನು ಸಾಲಿ ಕಲಿತವಳು, ನೀನೇ ಓದಿಕೋ. ಮಾಳುವಿನಿಂದ ಓದಿಸಬೇಡ.

ಹೋದ ವಾರ ಚಾಚಿ ತನ್ನ ಮಗಳು ಅಲ್ಮಾಸಳನ್ನು ನೋಡಲು ಮೂಡಲಗಿಗೆ ಬಂದವಳು ನಮ್ಮ ಮನೆಗೂ ಬಂದಿದ್ದಳು. ಕಾಡವ್ವ ಒಂದು ಮಾತು ಹೇಳಿ ಕಳಿಸಿದ್ದಾಳೆ ಅಂದಳು. ಶ್ರಾವಣ ಕಳೆದ ಮೇಲೆ ನಿನ್ನಿಂದ ಬಂದ ಮೊದಲ ಮಾತು ಅದು. ಅಪ್ಪ ಹೇಗಿದ್ದಾನೆಂದು ಕೇಳಿರುತ್ತೀ ಅಂದುಕೊಂಡು ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಕುಳಿತೆ. ನೀನು ಕೇಳಿದ್ದು ಕೋಟು. ನಮ್ಮ ಧಣಿಗಳ ವಾಡೆಯನ್ನು ಪಾವಣ್ಯಾರು ಇಳಿದುಕೊಳ್ಳುವ ಹೋಟೆಲ್ ಮಾಡಿದ್ದಾರಂತೆ, ದೊಡ್ಡ ಸರ್ಕಾರರ ಜರಿಯ ಕೋಟನ್ನು ಗಾಜಿನ ಕಪಾಟಿನಲ್ಲಿ ಇಡಬೇಕಂತೆ, ಚಿಕ್ಕ ಸರ್ಕಾರರ ಅಪ್ಪಣೆಯಂತೆ.

ಕೋಟನ್ನು ಈ ಕಾಗದದ ಜೊತೆ ಚಾಚಿಯ ಕೈಯಲ್ಲೇ ಕಳಿಸಿದ್ದೇನೆ. ಒಗೆದಿಲ್ಲ. ಕೊರಳಪಟ್ಟಿಯ ಹಿಂದಿನ ಕಲೆ ಅಪ್ಪನ ರಕ್ತದ್ದು. ಅದನ್ನೂ ಗಾಜಿನೊಳಗಿಟ್ಟು ತೋರಿಸಲಿ.

ಚಾಚಿ ಇನ್ನೊಂದು ಮಾತನ್ನೂ ಹೇಳಿದಳು. "ಅವ್ರು ತಮ್ಮ ಮನಸಿಲೇ ಹೋದ್ರು, ಯಾರೂ ದೂಡಲಿಲ್ಲ" ಅಂತ ನೀನು ಊರೆಲ್ಲ ಹೇಳುತ್ತಿದ್ದೀಯಂತೆ. ಹಾಗಾದರೆ ನಾನು ಕಂಡದ್ದನ್ನು ಬರೆಯುತ್ತೇನೆ.

ನಮ್ಮ ಮನೆಯವರು ತಲೆತಲಾಂತರದಿಂದ ವಾಡೆಯ ದೇವಿಗೆ ಪೂಜೇರಿಗಳು. ಸರ್ಕಾರರು ಗಾದಿಯ ಮೇಲೆ ಕುಳಿತರೆ ಹಣೆಗೆ ಭಂಡಾರ ಹಚ್ಚುವವರು ನಾವು. ಅವರ ಮನೆಯಲ್ಲಿ ಕೂಸು ಹುಟ್ಟಿದರೆ ಕಿವಿಯಲ್ಲಿ ದೇವಿಯ ಹೆಸರು ಹೇಳುವವರು ನಾವು. ಅವರು ಸತ್ತರೆ ಮಾತ್ರ ನಮಗೂ ಸಾವು. ಸತ್ತ ಧಣಿಯ ಬಟ್ಟೆ ಉಟ್ಟು, ಧಣಿಗೆ ಇಷ್ಟವಾದದ್ದನ್ನು ಉಂಡು, ಅವನ ಪಾಪವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಪೂಜೇರಿ ಹೊಳೆ ದಾಟಬೇಕು. ಊರವರು ಸಗಣಿ, ಕಲ್ಲು ಎಸೆದು ಅಟ್ಟಬೇಕು. ದಾಟಿದವನು ಊರಿನ ಪಾಲಿಗೆ ಸತ್ತವನು. ಎದುರಿಗೆ ಬಂದರೂ ಯಾರೂ ನೋಡಬಾರದು, ಕರೆದರೂ ಓ ಎನ್ನಬಾರದು.

ಈ ಪದ್ಧತಿಯನ್ನು ನಿಲ್ಲಿಸಿದವರು ದೊಡ್ಡ ಸರ್ಕಾರರೇ. ತಮ್ಮ ತಂದೆ ತೀರಿಕೊಂಡಾಗ ನಮ್ಮ ಮುತ್ಯಾನ ಕೈ ಹಿಡಿದು, "ಪಾಪಾ ಮಾಡಿದಾಂವ ಒಬ್ಬಾಂವ, ಹೊರಾಂವ ಇನ್ನೊಬ್ಬಾಂವ. ಇದೆಂಥಾ ಧರ್ಮ?" ಅಂದಿದ್ದರಂತೆ. ಅಪ್ಪ ಈ ಮಾತನ್ನು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದ! ಆ ಒಂದು ಮಾತಿಗಾಗಿ ಅವರು ಹೇಳಿದ್ದನ್ನೆಲ್ಲ ಮಾಡಿದ. ಮೋಟಾರು ನಿಲ್ಲಿಸಲು ಫಕೀರವ್ವನ ಹಿತ್ತಲು ಬೇಕಾದಾಗ ಅಪ್ಪನ ಮೈಮೇಲೆ ದೇವಿ ಬಂದು "ಆ ಜಾಗಾ ನನಗ ಬೇಕು" ಅಂದಳಲ್ಲ, ನೆನಪಿದೆಯೇ? ಹೌದು, ಅಪ್ಪ ಸಾಧುವಲ್ಲ. ನಾನು ಅದನ್ನು ಮರೆತಿಲ್ಲ.

ಆದರೆ ದೇವಿಯ ಪಡಸಾಲೆಯನ್ನು ಪಾವಣ್ಯಾರ ಊಟದ ಕೋಣೆ ಮಾಡುತ್ತೇವೆಂದು ಚಿಕ್ಕ ಸರ್ಕಾರರು ಅಂದಾಗ ಅವನು ಆಗುವುದಿಲ್ಲ ಅಂದ. ವಾಡೆಯಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು. ಅಷ್ಟರಲ್ಲಿ ದೊಡ್ಡ ಸರ್ಕಾರರು ತೀರಿಕೊಂಡರು. ಪುಣೆಯಲ್ಲಿ ಕಲಿತು ಬಂದ ಚಿಕ್ಕ ಸರ್ಕಾರರಿಗೆ ಎಂದೋ ನಿಂತುಹೋದ ಪದ್ಧತಿ ಫಕ್ಕನೆ ನೆನಪಾಯಿತು. ಅಪ್ಪನನ್ನು ಕರೆಸಿ ಕುರ್ಚಿ ಕೊಟ್ಟು ಕೂರಿಸಿದರು. ದೊಡ್ಡ ಸರ್ಕಾರರ ಸಾವಿಗೆಂದು ಊರಿಗೆ ಬಂದಿದ್ದ ನಾನು ಚಹಾ ಕೊಡಲು ಹೋದವಳು ಅಲ್ಲೇ ಇದ್ದೆ.

"ಕಾಕಾ, ಬರೇ ನಾಟಕ ಐತ್ರಿ. ದೊಡ್ಡ ದೊಡ್ಡ ಮನೆತನದವರು ಬರಾಕತ್ತಾರ, ವಿಡಿಯೋ ತಗೀತಾರ. ನೀವು ಹೊಳಿ ದಾಟಿ ಹೋಗ್ರಿ. ದೀಪಾ ಹಚ್ಚೂ ಹೊತ್ತಿಗೆ ಹಿತ್ತಲ ಬಾಗಲಾ ತಗದ ಇಟ್ಟಿರತೇವಿ. ಅಪ್ಪಾಜಿ ಸಲವಾಗಿ ಇಷ್ಟ ಮಾಡಾಕ ಆಗೂದಿಲ್ಲೇನ್ರಿ?" ಅಂದರು.

ಅಪ್ಪಾಜಿ ಎಂಬ ಶಬ್ದಕ್ಕೆ ಅಪ್ಪ ಕರಗಿದ. ಮಾಳು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. ಅಪ್ಪ ಹೋದರೆ ಪೂಜೆ ತನ್ನದು, ಪಡಸಾಲೆ ಸರ್ಕಾರರದು ಎಂದು ಅವರಿಬ್ಬರಲ್ಲಿ ಮೊದಲೇ ಮಾತಾಗಿತ್ತು. ನಿನಗೂ ಗೊತ್ತಿತ್ತು. ಗೊತ್ತಿಲ್ಲದವರು ಅಪ್ಪ, ನಾನು ಇಬ್ಬರೇ.

ದೇವಿಗೆ ನಡೆದುಕೊಳ್ಳುವವನೆಂದು ಅಪ್ಪ ಹುಟ್ಟಿದಾಗಿನಿಂದ ಮಾಂಸ ಮುಟ್ಟಿರಲಿಲ್ಲ. ದೊಡ್ಡ ಸರ್ಕಾರರಿಗೆ ಆಡಿನ ಮಾಂಸವೇ ಪ್ರಾಣ. ತಾಟು ಮುಂದೆ ಇಟ್ಟಾಗ ಅವನು ಧಣಿಯ ಹೆಂಡತಿ ಬಾಯಿಸಾಹೇಬರ ಮುಖ ನೋಡಿದ. "ಉಣ್ಣು ಯಲ್ಲಾರಿ, ಅವರ ಆತ್ಮಾ ಕಾಯಾಕತ್ತೈತಿ" ಅಂದರು ಅವರು. ಮೊದಲ ತುತ್ತಿಗೆ ವಾಂತಿ ಬಂತು. ವಿಡಿಯೋ ತೆಗೆಯುವವನು, ಸರಿಯಾಗಿ ಬರಲಿಲ್ಲ, ಇನ್ನೊಮ್ಮೆ ಉಣ್ಣಲಿ ಅಂದ. ಉಂಡ. ನೀನೇ ಅಲ್ಲವೇ ಬಡಿಸಿದವಳು?

ಆಮೇಲೆ ಧಣಿಯ ಕೋಟು, ಧಣಿಯ ಪಟಗಾ, ಅವನ ಕಾಲಿಗೆ ದೊಡ್ಡದಾದ ಧಣಿಯ ಬೂಟು. ವಾಡೆಯ ಪೀರನ ಗೋರಿಗೆ ಫಾತೆಹಾ ಓದುವ ಬಂದಗಿಸಾಬ ಕಾಕಾನಿಗೂ ಬೆನ್ನು ತಿರುಗಿಸಿ ನಿಲ್ಲಲು ಹೇಳಿದ್ದರು. ವಾಡೆಯ ಅನ್ನ ಉಂಡವನು, ಅವನೂ ತಿರುಗಿ ನಿಂತ. ಅಪ್ಪ ನಗುತ್ತಲೇ ಹೊರಟ, ಅವ್ವಾ. ನಾಟಕ ಅಂದುಕೊಂಡಿದ್ದನಲ್ಲ, ಜನರ ಕಡೆ ನೋಡಿ ಕೈ ಮುಗಿಯುತ್ತ, ಬೂಟು ಎಳೆಯುತ್ತ ಹೊರಟ. ಮೊದಲು ಸಗಣಿ ಬಿತ್ತು, ಅದಕ್ಕೂ ನಕ್ಕ. ಫಕೀರವ್ವ ಎಸೆದ ಕಲ್ಲು ಬೆನ್ನಿಗೆ ಬಿತ್ತು. ಅದರ ಹಿಂದೆಯೇ ಮಾಳುವಿನ ಕಲ್ಲು ಬಂತು. ಕಿವಿಯ ಹಿಂದೆ ಬಡಿದು ರಕ್ತ ಇಳಿಯಿತು. ಅಪ್ಪ ಹೊರಳಿ ನೋಡಿದ, ಎಸೆದವನು ಯಾರೆಂದು ಕಂಡ. ಆಮೇಲೆ ನಗಲಿಲ್ಲ.

ಇನ್ನು ದೀಪ ಹಚ್ಚುವ ಹೊತ್ತಿನದು. ಬಾಯಿಸಾಹೇಬರು, ನೀನು, ನಾನು ವಾಡೆಯ ಅಡಿಗೆಮನೆಯಲ್ಲಿದ್ದೆವು. ಹಿತ್ತಲ ಬಾಗಿಲು ಬಡಿದ ಸಪ್ಪಳವಾಯಿತು. "ಕಾಡೂ, ನಾ ಬಂದೇನಿ. ಬಾಗಲಾ ತಗಿ" ಅಂದ ಅಪ್ಪ. ಬಾಯಿಸಾಹೇಬರು ತಲೆ ಎತ್ತದೆ, "ಗಾಳಿ ಭಾಳ ಬಿಟ್ಟೈತಿ ಇವತ್ತ" ಅಂದರು. ನಾನು ಎದ್ದೆ. ನೀನು ನನ್ನ ರಟ್ಟೆ ಹಿಡಿದೆ. "ನಾಯಿ ಇರಬೇಕ್ರಿ ಬಾಯಿಸಾಹೇಬ್ರ" ಅಂದೆ. ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಅಂದೆ. ನನ್ನ ಕಿವಿಯಲ್ಲಿ ಮಾತ್ರ ಮೆಲ್ಲಗೆ, "ಒಬ್ಬಾಂವ ಹೋದ. ಇನ್ನೊಬ್ಬಾಂವನ್ನಾರ ಉಳಿಸ್ಕೋತೇನಿ, ಬಿಡು" ಅಂದೆ.

ನಾನು ಕೈ ಕೊಸರಿಕೊಂಡು ಮುಂಬಾಗಿಲಿನಿಂದ ಓಡಿದೆ. ಸುತ್ತಿ ಬರುವಷ್ಟರಲ್ಲಿ ಅವನು ಹೊಳೆದಂಡೆಗೆ ಹೋಗಿ ಕುಳಿತಿದ್ದ. ದಾರಿಯಲ್ಲಿ ಕಂಡವರನ್ನೆಲ್ಲ ಮಾತಾಡಿಸಿದ್ದನಂತೆ. ಒಬ್ಬರೂ ಓ ಎಂದಿರಲಿಲ್ಲ. ನನ್ನನ್ನು ನೋಡಿ, "ನಿಮ್ಮವ್ವ ಮನ್ಯಾಗ ಇರಲಿಲ್ಲೇನ?" ಅಂತ ಕೇಳಿದ. ಇರಲಿಲ್ಲ ಅಂದೆ. ನಿನ್ನ ಸಲುವಾಗಿ ಆಡಿದ ಸುಳ್ಳಲ್ಲ ಅದು. ಅವನು ಘೋಡಗೇರಿಯವರೆಗಾದರೂ ನಡೆಯಬೇಕಿತ್ತು, ಅದಕ್ಕೆ. ಅಲ್ಲಿಂದ ಗೋಕಾಕದ ಬಸ್ಸು ಹಿಡಿದೆವು. ಜರಿ ಕೋಟು ನೋಡಿ ಕಂಡಕ್ಟರ್, "ಯಾವ ನಾಟಕ ಕಂಪನಿರಿ ಅಜ್ಜಾರ?" ಅಂತ ಕೇಳಿದ.

ಮೂಡಲಗಿಯಲ್ಲಿ ನನ್ನ ಯಜಮಾನರು ಸಾಗರ ಅವರು ಅವನಿಗೆ ಹೊರಗಿನ ಕೋಣೆ ಬಿಟ್ಟುಕೊಟ್ಟರು. ಕಿವಿಯ ಹಿಂದಿನ ಗಾಯಕ್ಕೆ ನಾನೇ ಔಷಧ ಹಚ್ಚಿದೆ. ದವಾಖಾನೆಯಲ್ಲಿ ದಿನವೂ ಮಾಡುವ ಕೆಲಸ, ನನಗೇನು ಹೊಸದಲ್ಲ. ಗಾಯ ಬೇಗ ಮಾಯಿತು. ಆದರೆ ಅಪ್ಪ ಉಣ್ಣುವುದನ್ನು ಬಿಟ್ಟ. ತಾಟು ಮುಂದಿಟ್ಟರೆ, "ಮೊದಲ ಕಾಗಿಗೆ ಇಡು, ಸತ್ತವರು ಹಂಗ ಉಣಬಾರದು" ಅನ್ನುತ್ತಿದ್ದ. ಮೊದಮೊದಲು ಚೇಷ್ಟೆ ಅಂದುಕೊಂಡೆವು. ಆಮೇಲೆ ಕನ್ನಡಿಯ ಮೇಲೆ ಟಾವೆಲ್ ಹಾಕತೊಡಗಿದ. ಸಾಗರ ಅವರು ಮಾತಾಡಿಸಿದರೆ ಉತ್ತರ ಕೊಡುತ್ತಿರಲಿಲ್ಲ. ಜೀವಂತ ಇದ್ದವರ ಜೊತೆ ಮಾತಾಡಿದರೆ ಅವರಿಗೆ ಕೇಡು ಅಂತ ನನಗೆ ಸನ್ನೆ ಮಾಡುತ್ತಿದ್ದ.

ದೀಪಾವಳಿ ಮುಗಿದ ಮೇಲೆ ಬಂದಗಿಸಾಬ ಕಾಕಾ ಬಂದ. ಬಾಗಿಲಲ್ಲೇ ನಿಂತು ಅತ್ತ. ಅಪ್ಪ ಅವನೊಬ್ಬನ ಜೊತೆ ಬಾಯಿ ಬಿಟ್ಟ. "ನಾವಿಬ್ಬರೂ ಒಂದ ಮನಿ ದೇವರ ಕೆಲಸದವರು. ಖರೆ ಹೇಳ ಬಂದಗಿ, ನಾ ಸತ್ತೇನೋ ಇಲ್ಲೋ?" ಅಂತ ಕೇಳಿದ. "ಹಸಿವಿ ಆಗತೈತಿ ಅಂದ್ರ ಜೀವಂತ ಅದಿ, ಯಲ್ಲಾರಿ" ಅಂದ ಕಾಕಾ. ಅಪ್ಪ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, "ಆಗವಲ್ದು" ಅಂದ. ಆಮೇಲೆ ಕಲ್ಲಿನ ಮಾತು ಬಂತು. "ಫಕೀರವ್ವಂದು ನ್ಯಾಯದ ಕಲ್ಲು" ಅಂದ. ಮಾಳುವಿನ ಕಲ್ಲಿನ ಬಗ್ಗೆ ಕಾಕಾ ಕೇಳಲಿಲ್ಲ, ಅಪ್ಪ ಹೇಳಲಿಲ್ಲ.

ಇಷ್ಟೇ, ಅವ್ವಾ. ಇನ್ನು ಮೇಲೆ ಯಾರಾದರೂ ಕೇಳಿದರೆ ತಮ್ಮ ಮನಸ್ಸಿನಿಂದ ಹೋದರು ಅನ್ನಬೇಡ. ಮಾಳುವಿಗೆ ನನ್ನ ಆಶೀರ್ವಾದವಿಲ್ಲ. ನಿನಗೆ ಕೆಡುಕು ಬಯಸಲು ಪ್ರಯತ್ನಪಟ್ಟೆ, ಆಗಲಿಲ್ಲ. ಮೊಣಕಾಲಿಗೆ ಹಚ್ಚುವ ಎಣ್ಣೆಯನ್ನು ಕೋಟಿನ ಗಂಟಿನಲ್ಲೇ ಇಟ್ಟಿದ್ದೇನೆ, ರಾತ್ರಿ ಬಿಸಿ ಮಾಡಿ ಹಚ್ಚಿಕೋ.

ಇಂತಿ,
ನಿನ್ನ ಹೊಟ್ಟೆಯಲ್ಲಿ ಹುಟ್ಟಿದ
ಸಪ್ನಾ

ತಾ.ಕ.: ಇದನ್ನು ಮೊದಲೇ ಬರೆದಿದ್ದರೆ ನೀನು ಉಳಿದದ್ದನ್ನು ಓದುತ್ತಿರಲಿಲ್ಲ. ಅಪ್ಪ ಸೋಮವಾರ ಮುಂಜಾನೆ ತೀರಿಕೊಂಡ. ನೀನು ಇದನ್ನು ಓದುವವರೆಗೆ ಹೇಳಬೇಡ ಅಂತ ಚಾಚಿಗೆ ನಾನೇ ಅಂದಿದ್ದೇನೆ. ಮಾಳುವಿಗೆ ಫೋನ್ ಮಾಡಿದ್ದೆ, ನಿನಗೆ ಹೇಳಿರಲಿಕ್ಕಿಲ್ಲ. "ನಮ್ಮಪ್ಪ ಶ್ರಾವಣದಾಗ ಹೋದ. ಈಗ ಯಾರಿಗೆ ಮಣ್ಣ ಕೊಡಾಕ ಬರ್ಲಿ?" ಅಂದ. ಸಾಗರ ಅವರು, ಬಂದಗಿಸಾಬ ಕಾಕಾ ಹೆಗಲು ಕೊಟ್ಟರು. ಕೊನೆಯ ಹೊತ್ತಿನಲ್ಲಿ ಅಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ. "ಕಾಡೂ, ಕಾಡೂ" ಅಂತ ಕರೆಯುತ್ತಲೇ ಇದ್ದ. ತಡೆಯಲಾರದೆ ನಿನ್ನ ದನಿಯಲ್ಲಿ ನಾನೇ "ಓ" ಅಂದೆ. "ಯಾಕ ಓ ಅಂದಿ? ನಿನಗ ಕೇಡಾಗತೈತಿ" ಅಂದು ಆ ಕಡೆ ಹೊರಳಿ ಮಲಗಿದ. ಮತ್ತೆ ಕರೆಯಲಿಲ್ಲ.